ಕಲ್ಲು, ಸೂಜಿಗಲ್ಲು

“ಬುದ್ಧಿ, ಒಮ್ಮೆ ಹೋದ ಸೆಳೆತ ಮತ್ತೆ ಬರುತ್ತದೆಯೇ?”

ಕೇಳಿದವನು ಮಡಿವಾಳಯ್ಯ. ಚಿಕ್ಕಂದಿನಲ್ಲೇ ಮಠಕ್ಕೆ ಬಂದು ಸೇರಿದವನು. ಈ ಆಷಾಢದಲ್ಲಿ ಒಡಹುಟ್ಟಿದ ತಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಅವನಿಗೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಆ ಬೆಳಿಗ್ಗೆ ಬಟ್ಟೆಯ ಗಂಟು ಕಟ್ಟಿ, ಹೆಬ್ಬಾಗಿಲ ಪಕ್ಕದ ತನ್ನ ಕೋಣೆಗೆ ಚಿಲಕ ಹಾಕಿ, ಹಿತ್ತಿಲಲ್ಲಿ ಕುಳಿತಿದ್ದ ಗುರುಗಳ ಮುಂದೆ ಬಂದು ನಿಂತಿದ್ದ. ಗಂಟು ಕಂಕುಳಲ್ಲೇ ಇತ್ತು.

“ಪೂಜೆಗೆ ಕೂರುತ್ತೇನೆ. ಅಂಗೈಯಲ್ಲಿ ಲಿಂಗವಿರುತ್ತದೆ. ಆದರೆ ಬರೀ ಕಲ್ಲು ಹಿಡಿದ ಹಾಗಿರುತ್ತದೆ, ಬುದ್ಧಿ. ಇಲ್ಲದ ಭಕ್ತಿಯ ವೇಷ ಹಾಕಿಕೊಂಡು ಮಠದ ಅನ್ನ ಉಣ್ಣಲಾರೆ. ಹೊರಟುಬಿಡುತ್ತೇನೆ.”

ಗುರುಗಳು ಬೇಡ ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. “ಗಂಟು ಕೆಳಗಿಡಪ್ಪ, ಕೈ ನೋಯುತ್ತದೆ,” ಎಂದರು. ಅವನು ಇಟ್ಟು ಕುಳಿತ ಮೇಲೆ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಸೂಜಿಗಲ್ಲು ಮಾಡುವ ಕಸುಬುದಾರನಿದ್ದ. ಧ್ವನಿವರ್ಧಕದ ಬೆನ್ನಿಗೆ ಕಪ್ಪು ಬಳೆಯಂಥದ್ದೊಂದು ಇರುತ್ತದಲ್ಲ, ಅದನ್ನು ಮಾಡುತ್ತಿದ್ದ. ಸಣ್ಣ ಮೋಟಾರಿನೊಳಗೆ ಇರುವುದೂ, ಫ್ರಿಜ್ಜಿನ ಬಾಗಿಲನ್ನು ಎಳೆದು ಮುಚ್ಚುವುದೂ ಅದೇ ಜಾತಿಯದು. ಅದಕ್ಕೆ ಬೇಕಾದದ್ದು ಜನ ಉಜ್ಜಿ ಎಸೆಯುವ ಕಬ್ಬಿಣದ ತುಕ್ಕು, ಜೊತೆಗೆ ಬೇರಿಯಮ್ಮಿನ ಒಂದಿಷ್ಟು ಬಿಳಿ ಪುಡಿ. ಹುಟ್ಟುವಾಗಲೇ ತುಕ್ಕಾದದ್ದಕ್ಕೆ ಇನ್ನೆಲ್ಲಿಯ ತುಕ್ಕಿನ ಭಯ? ಮಳೆಯಲ್ಲಿ ಬಿದ್ದಿದ್ದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ.

ಎರಡನ್ನೂ ಬೆರೆಸಿ, ಸುಟ್ಟು, ನುಣ್ಣಗೆ ಅರೆದರೆ ಸಿಗುವ ಒಂದೊಂದು ಕಣವೂ ಆರು ಮೂಲೆಯ ಬಿಲ್ಲೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಬಿಲ್ಲೆಯ ಮುಖ ಯಾವ ಕಡೆಗೋ ಅದರ ಸೆಳೆತವೂ ಆ ಕಡೆಗೇ. ಕಸುಬುದಾರ ಆ ಪುಡಿಯನ್ನು ನೀರಿನಲ್ಲಿ ಕಲಸಿ ಅಚ್ಚಿಗೆ ಸುರಿಯುತ್ತಿದ್ದ. ಅಚ್ಚಿನ ಸುತ್ತ ತಾಮ್ರದ ತಂತಿಯ ಸುರುಳಿ. ಅದಕ್ಕೆ ಕರೆಂಟು ಕೊಟ್ಟು, ಕೆಸರಿನೊಳಗಿನ ಕಣಗಳೆಲ್ಲ ಒಂದೇ ಕಡೆಗೆ ಮುಖ ತಿರುಗಿಸುವ ತನಕ ಕಾದು, ಆಮೇಲೆ ಒತ್ತುತ್ತಿದ್ದ. ಒಣಗಿದ ಮೇಲೆ ಗೂಡಿನಲ್ಲಿಟ್ಟು ಸುಡುತ್ತಿದ್ದ.

ಗೂಡಿನಿಂದ ಬಂದ ಬಳೆ ಒಂದು ಗುಂಡುಸೂಜಿಯನ್ನೂ ಎಳೆಯದು. ಆ ಕಸುಬಿನವರು ಅದನ್ನು ಕಲ್ಲು ಎಂದೇ ಕರೆಯುತ್ತಿದ್ದರು. ಕೊನೆಗೆ ಅದನ್ನು ಇನ್ನೊಂದು ದೊಡ್ಡ ಸುರುಳಿಯೊಳಗಿಟ್ಟು ಕರೆಂಟಿನ ಒಂದೇ ಒಂದು ಹೊಡೆತ ಕೊಟ್ಟರೆ ಆಯಿತು, ಸೂಜಿಗಲ್ಲು. ಆದ ಮೇಲೆ ಸುಲಭಕ್ಕೆ ಬಗ್ಗುವ ಜಾತಿಯಲ್ಲ. ಎದುರಿಗೆ ಬೇರೆ ಸೂಜಿಗಲ್ಲು ಹಿಡಿದು ಸತಾಯಿಸಿದರೂ ತನ್ನ ಪಟ್ಟು ಬಿಡದು. ಆದರೆ ಕೆಸರಾಗಿದ್ದಾಗ ಮುಖ ತಿರುಗದ ಬಳೆಗೆ ಎಷ್ಟು ಹೊಡೆತ ಕೊಟ್ಟರೂ ಅರ್ಧ ಬಲವೇ. ಒಂದು ಸಲ ಕರೆಂಟು ಹೋಗಿದ್ದಾಗ ಅವನು ತಾಳ್ಮೆಗೆಟ್ಟು ಹಾಗೆಯೇ ಒತ್ತಿದ್ದ. ಆ ಬಳೆಗಳು ಮಕ್ಕಳ ಆಟಕ್ಕಾದವು.

ಒಂದು ಮಧ್ಯಾಹ್ನ ಅವನ ಉಗ್ರಾಣಕ್ಕೆ ಬೆಂಕಿ ಬಿತ್ತು. ವರ್ತಕನಿಗೆ ಕೊಡಲು ಸಿದ್ಧವಾಗಿದ್ದ ಸೂಜಿಗಲ್ಲುಗಳೆಲ್ಲ ಕೆಂಪಗೆ ಕಾದು, ಬೂದಿಯೊಳಗೆ ಮೆಲ್ಲಗೆ ಆರಿದವು. ಕಸುಬುದಾರ ಒಂದನ್ನು ಎತ್ತಿ ಗುಂಡುಸೂಜಿ ಹಿಡಿದ. ಎಳೆಯಲಿಲ್ಲ. ಇನ್ನೊಂದಕ್ಕೆ ಹಿಡಿದ. ಅದೂ ಇಲ್ಲ. ವರ್ಷದ ದುಡಿಮೆಯೆಲ್ಲ ಆ ಬೂದಿಯಲ್ಲಿತ್ತು. ಇವುಗಳ ಮುಖವನ್ನೂ ನೋಡಬಾರದು ಎಂದುಕೊಂಡು, ಸುತ್ತಿಗೆ ತಂದು ಒಂದೊಂದನ್ನೇ ಒಡೆಯತೊಡಗಿದ.

ಅಷ್ಟರಲ್ಲಿ ವರ್ತಕ ಬಂದ. “ಯಾಕಯ್ಯ, ಒಡೆಯುತ್ತಿದ್ದೀಯ?”

“ಇವು ಸತ್ತುಹೋದವು, ಸ್ವಾಮಿ. ಒಂದು ಸೂಜಿಯನ್ನೂ ಎಳೆಯುವುದಿಲ್ಲ.”

ವರ್ತಕನಿಗೆ ಆ ಕಸುಬಿನ ಗಂಧಗಾಳಿ ಇರಲಿಲ್ಲ. ಸುಮ್ಮನೆ ಕೇಳಿದ: “ಗೂಡಿನಿಂದ ತೆಗೆದಾಗ ಎಳೆಯುತ್ತಿದ್ದವೇ?”

“ಸೆಳೆತ ಎಲ್ಲಿಂದ ಬರಬೇಕು? ಆಗ ಅವು ಬರೀ ಕಲ್ಲು.”

“ಆಗಲೂ ಹೀಗೇ ಒಡೆಯುತ್ತಿದ್ದೆಯಾ?”

ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು. ದಿನಾ ಗೂಡಿನ ಬಾಯಿಂದ ಇದೇ ಕಲ್ಲನ್ನು ಎತ್ತಿಕೊಂಡು, ಹಾಡು ಗುನುಗುತ್ತಾ ಸುರುಳಿಯ ಕಡೆಗೆ ಹೋಗುತ್ತಿದ್ದವನು ಅವನೇ. ಅಂಥ ಗೂಡಿನ ಬೆಂಕಿಗೇ ಕದಲದ ಕಣಗಳ ಮುಖವನ್ನು ಉಗ್ರಾಣದ ಬೆಂಕಿ ಕದಲಿಸೀತೇ? ಅದು ಸೆಳೆತವನ್ನಷ್ಟೇ ಕಸಿದುಕೊಂಡಿತ್ತು. ಉಳಿದ ಬಳೆಯೊಂದನ್ನು ಸುರುಳಿಯಲ್ಲಿಟ್ಟು ಹೊಡೆತ ಕೊಟ್ಟ. ಗುಂಡುಸೂಜಿ ಕೈಯಿಂದ ಹಾರಿ ಹೋಗಿ ಅಂಟಿಕೊಂಡಿತು. ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಅಳದವನು, ತಾನೇ ಒಡೆದ ಚೂರುಗಳನ್ನು ನೋಡಿ ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ಸಮಾಧಾನವಾಗಲಿಲ್ಲ. ತಮ್ಮನ ಮುಖ ಕಣ್ಣಿಗೆ ಕಟ್ಟಿದಂತಿತ್ತು. ಗಂಟಿಗೆ ಕೈ ಹಾಕಿ ಎದ್ದು ನಿಂತ.

“ಕಲ್ಲಿನ ಮಾತು ಸರಿ, ಬುದ್ಧಿ. ಅದರ ಮುಖ ಕದಲಿರಲಿಲ್ಲ. ನನ್ನ ಮುಖ ಇನ್ನೂ ಈ ಕಡೆಗೇ ಇದೆ ಎಂದು ನನಗೆ ಹೇಗೆ ತಿಳಿಯಬೇಕು?”

ಗುರುಗಳು ಅವನ ಕೈಯಲ್ಲಿದ್ದ ಗಂಟನ್ನು ನೋಡಿದರು.

“ಹೆಬ್ಬಾಗಿಲು ನಿನ್ನ ಕೋಣೆಯ ಪಕ್ಕದಲ್ಲೇ ಇದೆ, ಹೊರಟವನು ಈ ಗಂಟು ಹೊತ್ತುಕೊಂಡು ಹಿತ್ತಿಲ ತನಕ ಯಾಕೆ ಬಂದೆ?”

ಮಡಿವಾಳಯ್ಯ ಗಂಟನ್ನು ಮತ್ತೆ ಕೆಳಗಿಟ್ಟ.