ಹರಿಗೋಲಿನಲ್ಲಿ ಬಂದ ಅಳು

ಹೊಳೆಯ ದಂಡೆಯಲ್ಲಿ ಹೊನ್ನೂರವ್ವನ ಆಶ್ರಮ ಇತ್ತು. ಆಶ್ರಮ ಅಂದರೆ ಒಂದು ತಗಡಿನ ಚಪ್ಪರ, ಎರಡು ಹರಿಗೋಲು, ಒಂದು ಹುಣಸೆಮರ. ಜನ ತಮಾಷೆಗೆ ಇಟ್ಟ ಹೆಸರು ಅದು. ಅವಳು ಅದನ್ನೇ ಗಟ್ಟಿ ಮಾಡಿಕೊಂಡಳು.

ಹೆತ್ತವರು ಅವಳನ್ನು ಗಂಡುಮಗು ಅಂದಿದ್ದರು. ಅವಳು ಹೆಣ್ಣಾಗಿ ಬದುಕಿ ಎಪ್ಪತ್ತು ದಾಟಿದಳು. ಹೊಳೆ ದಾಟಿಸುವುದು ಅವಳ ಕಸುಬು. ಅವಳಂಥದೇ ಹಾದಿ ಹಿಡಿದವರು ಯಾರಾದರೂ ಬಂದರೆ ಶಿಷ್ಯೆಯಾಗಿ ಇಟ್ಟುಕೊಳ್ಳುತ್ತಿದ್ದಳು. ಉಪದೇಶ ಮಾಡು ಎಂದರೆ ಹರಿಗೋಲು ನಡೆಸುವ ಹುಟ್ಟು ಎತ್ತಿ ಕೈಗೆ ಕೊಡುತ್ತಿದ್ದಳು.

ಸುರಗಿ ಹಾಗೆ ಬಂದವಳು. ಇಪ್ಪತ್ಮೂರು ವರ್ಷ. ಹೆಸರು ತಾನೇ ಇಟ್ಟುಕೊಂಡದ್ದು. ಮೈ ಹೆಣ್ಣಿನ ಕಡೆಗೆ ತಿರುಗಲಿ ಎಂದು ಐದು ತಿಂಗಳಿಂದ ಪಟ್ಟಣದ ಡಾಕ್ಟರಮ್ಮ ಬರೆದುಕೊಟ್ಟ ಹಾರ್ಮೋನ್ ಮಾತ್ರೆ ನುಂಗುತ್ತಿದ್ದಳು. ತಿರುಗುತ್ತಲೂ ಇತ್ತು. ಕೆನ್ನೆ ಮೆತ್ತಗಾಗಿತ್ತು. ಕನ್ನಡಿ ಮೊದಲ ಸಲ ಅವಳ ಜೊತೆ ಜಗಳ ಬಿಟ್ಟಿತ್ತು.

ಆದರೆ ಎದೆ ನೋಯುತ್ತಿತ್ತು. ಹುಟ್ಟಿನ ಹಿಡಿ ತಾಗಿದರೆ ಜೀವ ಹೋದ ಹಾಗಾಗುತ್ತಿತ್ತು. ಕೂತಲ್ಲೇ ಮುಖಕ್ಕೆ ಬಿಸಿ ಏರಿ ಬೆವರು ಇಳಿಯುತ್ತಿತ್ತು. ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ಒಂದೇ ಉಸಿರಿಗೆ ದಂಡೆ ಹತ್ತುತ್ತಿದ್ದವಳು ಈಗ ನಡುದಾರಿಯಲ್ಲಿ ಇಳಿಸುತ್ತಿದ್ದಳು. ಇದೆಲ್ಲ ಹೀಗಾಗುತ್ತದೆ ಎಂದು ಡಾಕ್ಟರಮ್ಮ ಮುಂಚೆಯೇ ಹೇಳಿದ್ದರು. ಖುಷಿಯಲ್ಲಿದ್ದ ಸುರಗಿ ಎಲ್ಲಕ್ಕೂ ಹೂಂ ಅಂದಿದ್ದಳು.

ಅಳುವಿನ ಬಗ್ಗೆಯೂ ಹೇಳಿದ್ದರು. ಅದು ಹೀಗೆ ಬರುತ್ತದೆ ಅಂತ ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಆರು ಜನರನ್ನು ದಾಟಿಸುತ್ತಿದ್ದಳು. ಅವರಲ್ಲಿ ಒಬ್ಬ ಅಜ್ಜ. ತೊಡೆಯ ಮೇಲೆ ಕೈಚೀಲ. ಚೀಲದಿಂದ ಹೆಂಗಸರ ಚಪ್ಪಲಿ ಇಣುಕುತ್ತಿದ್ದವು.

"ಯಾರವು ಅಜ್ಜಾ?"

"ನಮ್ಮಾಕೀವು. ಆಕಿ ದವಾಖಾನಿಯಿಂದ ತಿರುಗಿ ಬರಲಿಲ್ಲವ್ವಾ. ಇವನ್ನ ಕೊಟ್ಟು ಕಳಿಸ್ಯಾರ."

ಸುರಗಿಗೆ ಅಳು ಒತ್ತರಿಸಿ ಬಂತು. ಕೈ ನಿಂತಿತು. ಹರಿಗೋಲು ನಡುಹೊಳೆಯಲ್ಲಿ ಗಿರಗಿರ ತಿರುಗಿತು.

"ಸತ್ತಾಕಿ ಯಾರ ಹೆಂಡ್ತಿನೋ, ಅಳಾಕಿ ಇನ್ಯಾರೋ!" ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು. ಅಜ್ಜ ನಗಲಿಲ್ಲ.

ಸಂಜೆ ಅವಳು ನಡೆದದ್ದನ್ನೆಲ್ಲ ಗುರುವಿಗೆ ಹೇಳಿದಳು. ನಾಚಿಕೆಯಿಂದ ತಲೆ ಎತ್ತಲಿಲ್ಲ.

"ಅವ್ವಾ, ಮೊದಲು ನಾನು ಹಿಂಗ ಅಳ್ತಿದ್ದಿಲ್ಲ. ಈ ಅಳು ನಂದೋ, ಮಾತ್ರೀದೋ?"

ಹೊನ್ನೂರವ್ವ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ನಾಳೆ ಹೆಣೆದಿಟ್ಟ ಹೊಸಾ ಹರಿಗೋಲಿಗೆ ನೀರು ಜಿನುಗದಂಗ ಡಾಂಬರ್ ಹಚ್ಚು. ಮೂರು ಸಲ, ತೆಳ್ಳಗ. ಒಂದು ಒಣಗಿದ ಮ್ಯಾಲೆ ಇನ್ನೊಂದು."

ಇದೂ ಒಂದು ಉತ್ತರವೇ? ಸುರಗಿಗೆ ಸಿಟ್ಟು ಬಂತು. ಈಚೆಗೆ ಸಿಟ್ಟೂ ಬೇಗ ಬರುತ್ತಿತ್ತು.

ಅವಳಿಗೆ ಈ ಅರ್ಧಂಬರ್ಧ ಸಾಕಾಗಿಹೋಗಿತ್ತು. ಬೇಗ ಮುಗಿದುಬಿಡಲಿ ಎಂದು ಮರುದಿನದಿಂದ ಒಂದರ ಜಾಗದಲ್ಲಿ ಎರಡು ಮಾತ್ರೆ ನುಂಗತೊಡಗಿದಳು. ಡಾಂಬರನ್ನೂ ಹಾಗೇ ಮಾಡಿದಳು. ಮೂರು ಸಲ ಹಚ್ಚುವುದನ್ನು ಒಂದೇ ಸಲಕ್ಕೆ ದಪ್ಪಗೆ ಬಳಿದಳು. ನೋಡಲಿಕ್ಕೆ ಮಿರಮಿರ ಮಿಂಚುತ್ತಿತ್ತು. ಗುರು ಬಂದು ಒಂದು ಸುತ್ತು ನೋಡಿ ಹೋದಳು.

ಹತ್ತನೆಯ ದಿನ ದಂಡೆಯಲ್ಲಿ ಬಗ್ಗಿದ ಸುರಗಿಗೆ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ತಲೆ ಗುರುವಿನ ತೊಡೆಯ ಮೇಲಿತ್ತು.

"ಎಷ್ಟು ನುಂಗೀದಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎರಡೆರಡು."

"ಡಾಕ್ಟರಮ್ಮಗ ಹೇಳೂಣು."

"ಬ್ಯಾಡವ್ವಾ!" ಸುರಗಿ ಗುರುವಿನ ಸೆರಗು ಹಿಡಿದುಕೊಂಡಳು. "ಆಕಿ ಪೂರಾ ನಿಲ್ಲಿಸಿಬಿಟ್ರ? ಆ ಹಳೇ ಮೈಯಾಗ ಮತ್ತ ಹ್ಯಾಂಗಿರ್ಲಿ?"

ಹೊನ್ನೂರವ್ವ ಅವಳಿಗೆ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದಳು. ನೆರಳಲ್ಲಿ ಮಲಗಿಸಿದಳು. ಬಿಸಿಲು ಇಳಿದ ಮೇಲೆ ಹೊಸ ಹರಿಗೋಲನ್ನು ಮೊಣಕಾಲುದ್ದ ನೀರಿಗೆ ತಳ್ಳಿದಳು.

"ಕುಂದ್ರು."

ಕೂತು ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ಜಿನುಗಿತು. ಸೀರೆ ಒದ್ದೆಯಾಯಿತು. ಇಬ್ಬರೂ ಅದನ್ನು ದಂಡೆಗೆ ಎಳೆದು ಬೋರಲು ಹಾಕಿದರು. ಸುರಗಿ ಉಗುರಿನಿಂದ ಕೆರೆದು ನೋಡಿದಳು. ಡಾಂಬರು ಮೇಲೆ ಮಾತ್ರ ಒಣಗಿತ್ತು. ಒಳಗೆ ಇನ್ನೂ ಹಸಿ. ಪದರಕ್ಕೆ ಪದರವೇ ಕಿತ್ತು ಕೈಗೆ ಬಂತು.

"ಒಲಿಗೆ ಹಾಕೂಣೇನು ಇದನ್ನ?" ಗುರು ಕೇಳಿದಳು.

"ಯಾಕವ್ವಾ? ಬಿದಿರು ಗಟ್ಟಿ ಐತಿ. ಕೆರದು ಮತ್ತ ಹಚ್ಚಿದ್ರಾತು."

ಹೇಳಿದ ಮೇಲೆ ಸುರಗಿ ಕೈಯಲ್ಲಿದ್ದ ಡಾಂಬರಿನ ಪದರ ನೋಡಿದಳು. ಗುರುವಿನ ಮುಖ ನೋಡಿದಳು. ಗುರು ಹೊಳೆ ನೋಡುತ್ತಿದ್ದಳು.

"ಮುಂಜಾನೆ ಮೊದಲನೇ ಬಸ್ಸಿಗೆ ಹೋಗೂಣು ಅವ್ವಾ," ಎಂದಳು ಸುರಗಿ.

ಡಾಕ್ಟರಮ್ಮ ಬೈಯಲಿಲ್ಲ. ಬಿಪಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. "ನಿಲ್ಲಿಸೋದಿಲ್ಲಮ್ಮ. ಮೊದಲಿನ ಅಳತೆಗೆ ಬಾ. ಇನ್ನು ಮೇಲೆ ನನ್ನ ಕೇಳದೆ ಕೂಡಿಸಬೇಡ, ಕಳೆಯಬೇಡ," ಅಂದರು. ಎದೆನೋವು ಇನ್ನೂ ಕೆಲವು ತಿಂಗಳು ಇದ್ದೀತು. ತೋಳಿನ ಬಲ ಮೊದಲಿನಷ್ಟು ಬರಲಾರದು. ಅಳು ಎಂದಿಗೆ ತಗ್ಗುತ್ತದೋ ಅವರಿಗೂ ಗೊತ್ತಿರಲಿಲ್ಲ; ಗೊತ್ತಿಲ್ಲ ಅಂತಲೇ ಹೇಳಿದರು.

ಬಸ್ಸಿನಲ್ಲಿ ಸುರಗಿ ಮತ್ತೆ ಅತ್ತಳು. ಈ ಸಲ ನಿರಾಳದಿಂದ.

ಆಶ್ರಮಕ್ಕೆ ಬಂದು ಹೊನ್ನೂರವ್ವ ಸುರಗಿಯ ಹುಟ್ಟನ್ನು ಕೆತ್ತಿ ಕಿರಿದು ಮಾಡಿದಳು. ಎದೆಗೆ ತಾಗಿದರೆ ನೋಯದಿರಲಿ ಎಂದು ಹಿಡಿಗೆ ಹಳೆಯ ಸೀರೆ ಸುತ್ತಿದಳು. ಅಂದಿನಿಂದ ಹರಿಗೋಲಿನ ಒಂದು ಅಂಚು ಸುರಗಿಯ ತಲೆಯ ಮೇಲೆ, ಇನ್ನೊಂದು ಗುರುವಿನ ತಲೆಯ ಮೇಲೆ. ಎಪ್ಪತ್ತರ ಮುದುಕಿ ಏದುಸಿರು ಬಿಡುತ್ತಾ ದಂಡೆ ಹತ್ತುವುದನ್ನು ನೋಡಿ ಸುರಗಿಗೆ ಸಂಕಟವೂ ಆಗುತ್ತಿತ್ತು, ನಗುವೂ ಬರುತ್ತಿತ್ತು.

ಈ ಬಾರಿ ಸುರಗಿ ಡಾಂಬರು ಮೂರು ಸಲ ಹಚ್ಚಿದಳು. ನಡುವೆ ಎರಡು ದಿನ ಮೋಡ ಕವಿಯಿತು. ಕಾದಳು.

ಹೊಸ ಹರಿಗೋಲು ನೀರಿಗಿಳಿದ ದಿನ ಆ ಅಜ್ಜ ಮತ್ತೆ ಬಂದ. ಕೈಯಲ್ಲಿ ಚೀಲ ಇರಲಿಲ್ಲ. ಹರಿಗೋಲಿನಲ್ಲಿ ಅವನು, ಸುರಗಿ, ಗುರು ಮೂವರೇ. ಅಜ್ಜ ಆಚೆ ದಂಡೆಯಲ್ಲಿ ಇಳಿದು, ತಿರುಗಿ ಬಂದು, ಸುರಗಿಯ ತಲೆಯ ಮೇಲೆ ಕೈ ಇಟ್ಟು ಹೋದ.

ಅವಳ ಕಣ್ಣು ತುಂಬಿತು. ಆದರೂ ಹರಿಗೋಲನ್ನು ಈಚೆ ದಂಡೆಗೆ ತಿರುಗಿಸಿದಳು, ಹುಟ್ಟು ನಿಲ್ಲಲಿಲ್ಲ. ನಡುಹೊಳೆಗೆ ಬಂದ ಮೇಲೆ ಕೇಳಿದಳು:

"ಅವ್ವಾ, ಆವತ್ತು ಕೇಳಿದ್ದಕ್ಕ ನೀನು ಉತ್ತರ ಕೊಡಲಿಲ್ಲ. ಈ ಅಳು ನಂದೋ, ಮಾತ್ರೀದೋ?"

ಹೊನ್ನೂರವ್ವ ಬೊಗಸೆಯಲ್ಲಿ ಹೊಳೆಯ ನೀರು ತೆಗೆದು ಶಿಷ್ಯೆಯ ಮುಖ ತೊಳೆದಳು.

"ಆವತ್ತು ಆ ಚೀಲಾನ ಎಲ್ಲಾರೂ ನೋಡಿದ್ರು. ಯಾರವು ಅಜ್ಜಾ ಅಂತ ಕೇಳಿದ್ದು ಮಾತ್ರಿ ಏನವಾ?"