ಚೀಟಿ ಬರದ ಊರು

“ಗುರುಗಳೇ, ಜ್ವರದ ವರದಿಗಳೆಲ್ಲ ಡೇಟಾಬೇಸಿನಲ್ಲಿವೆ. ಊರಿನ ಹೆಸರಿನ ಮೇಲೆ ಗುಂಪು ಮಾಡಿ ಎಣಿಸುವ ಕ್ವೆರಿ ಬರೆದೆ. ತಾಲ್ಲೂಕಿನಲ್ಲಿ ಮೂವತ್ತೊಂದು ಊರು. ಕ್ವೆರಿಗೆ ಉತ್ತರವಾಗಿ ಬಂದದ್ದು ಊರಿಗೊಂದರಂತೆ ಇಪ್ಪತ್ತೊಂಬತ್ತು ಸಾಲು. ಉಳಿದ ಎರಡು ಊರುಗಳಲ್ಲಿ ಜ್ವರವಿಲ್ಲ ಎಂದು ಬರೆದು ಕಳಿಸಲೇ?” ಎಂದು ಶಿಷ್ಯ ಕೇಳಿದ.

“ನಿನಗೆ ಬರೆಯುವುದಕ್ಕೆ ಬಲು ಅವಸರ. ಮೊದಲು ಇದನ್ನು ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ವೈದ್ಯನಿದ್ದ. ಒಂದು ವರ್ಷ ಸೀಮೆಯಲ್ಲೆಲ್ಲ ಕೆಟ್ಟ ಜ್ವರ ಹಬ್ಬಿತು. ಅವನಲ್ಲಿದ್ದದ್ದು ಒಂದೇ ಔಷಧದ ಗಾಡಿ. ಜ್ವರ ಬಂದವರ ಹೆಸರನ್ನು ಚೀಟಿಯಲ್ಲಿ ಬರೆದು ಕಳಿಸಿ ಎಂದು ಊರೂರಿಗೆ ಹೇಳಿಸಿದ. ಒಬ್ಬ ಗುಮಾಸ್ತ ಆ ಚೀಟಿಗಳನ್ನು ಊರುವಾರು ಗುಂಪು ಮಾಡಿ, ಎಣಿಸಿ, ಗುಂಪಿಗೊಂದು ಸಾಲಿನಂತೆ ಪಟ್ಟಿ ಬರೆಯುತ್ತಿದ್ದ. ಸಂಖ್ಯೆ ದೊಡ್ಡದಿದ್ದ ಊರಿಗೆ ಗಾಡಿ ಮೊದಲು ಹೋಗುತ್ತಿತ್ತು. ವೈದ್ಯ ನೋಡುತ್ತಿದ್ದದ್ದು ಪಟ್ಟಿಯನ್ನು ಮಾತ್ರ. ಚೀಟಿ ಓದಲು ಅವನಿಗೆ ಪುರಸೊತ್ತೆಲ್ಲಿ?

ಹೊಳೆಯಾಚೆಯ ಊರಿಗೆ ಅವನು ಮಗಳನ್ನು ಕೊಟ್ಟಿದ್ದ. ಮೊದಲ ವಾರ ಆ ಊರಿನ ಮುಂದೆ ನಲವತ್ತು ಎಂದಿತ್ತು. ಮರುವಾರ ಹದಿನೇಳು. ಮೂರನೆಯ ವಾರ ಮೂರು. ನಾಲ್ಕನೆಯ ವಾರ ಪಟ್ಟಿಯಲ್ಲಿ ಆ ಊರೇ ಇರಲಿಲ್ಲ. ವೈದ್ಯನಿಗೆ ಹೋದ ಜೀವ ಬಂದಂತಾಯಿತು. ಗಾಡಿಯನ್ನು ಬೇರೆ ಊರಿಗೆ ಕಳಿಸಿ, ಮಗಳನ್ನು ನೋಡಿ ಬರಲು ಹೊಳೆ ದಾಟಿದ.

ಯಾವ ಮನೆಯಲ್ಲೂ ಒಲೆ ಉರಿದಿರಲಿಲ್ಲ. ಮಗಳ ಮನೆಯ ಬಾಗಿಲು ತೆರೆದೇ ಇತ್ತು. ಅವನು ಒಳಗೆ ಹೋದ. ಸಂಜೆಯವರೆಗೆ ಹೊರಗೆ ಬರಲಿಲ್ಲ.

ಹಿಂತಿರುಗಿದವನೇ ಗುಮಾಸ್ತನನ್ನು ಕೇಳಿದ: “ಆ ಊರಿನ ಮುಂದೆ ಸೊನ್ನೆಯನ್ನಾದರೂ ಯಾಕೆ ಬರೀಲಿಲ್ಲ? ಸೊನ್ನೆ ಕಂಡಿದ್ರೆ ನನಗೆ ಅನುಮಾನ ಬರ್ತಿತ್ತಲ್ಲಯ್ಯಾ.”

“ಚೀಟಿ ಬಂದ್ರೆ ಗುಂಪು ಸ್ವಾಮಿ. ಚೀಟಿನೇ ಬರದ ಊರನ್ನ ನಾನು ಎಲ್ಲಿ ಅಂತ ಬರೀಲಿ?”

ವೈದ್ಯ ಹಳೆಯ ಕಟ್ಟು ಬಿಚ್ಚಿದ. ಮೂರನೆಯ ವಾರದ ಆ ಮೂರು ಚೀಟಿಗಳನ್ನು ಹುಡುಕಿ ತೆಗೆದ. ಮೂರೂ ಮಗಳ ಅಕ್ಷರ. ಎರಡರಲ್ಲಿ ಅವಳ ಅತ್ತೆ ಮಾವಂದಿರ ಹೆಸರಿತ್ತು. ಮೂರನೆಯದರಲ್ಲಿ ಅವಳದೇ ಹೆಸರು. ಕೆಳಗೆ, “ಅಪ್ಪಾ, ಇನ್ನು ಬರೆಯುವವರು ಯಾರೂ ಇಲ್ಲ” ಎಂದಿತ್ತು. ಪಟ್ಟಿಯಲ್ಲಿ ಅದು ಬರೀ ಮೂರು ಎಂದಾಗಿತ್ತು. ಆಮೇಲೆ ಅವನು ಯಾರ ನಾಡಿಯನ್ನೂ ಹಿಡಿಯಲಿಲ್ಲ.

ಕತೆ ಮುಗಿಯಿತು. ಶಿಷ್ಯ ತನ್ನ ಇಪ್ಪತ್ತೊಂಬತ್ತು ಸಾಲುಗಳನ್ನು ಮೇಲಿನಿಂದ ಕೆಳಗೆ ಮತ್ತೆ ಓದಿದ.

ಗುರುಗಳು ಕೇಳಿದರು: “ಆ ಎರಡು ಊರುಗಳ ಹೆಸರೇನು?”