ಬಟ್ಟಲಿಗೆ ಬೆರಳಿಟ್ಟ ದೊರೆ

ಅರ್ಧ ತೆಂಗಿನ ಚಿಪ್ಪಿನಷ್ಟು ದೊಡ್ಡ ತಾಮ್ರದ ಬಟ್ಟಲೊಂದು ಇಡೀ ಸಂಸ್ಥಾನವನ್ನು ಆಳುತ್ತಿತ್ತು ಅಂದರೆ ನಂಬುತ್ತೀರಾ ಮಕ್ಕಳೇ? ಗುಡ್ಡದಕೋಟೆ ಎಂಬ ಸಂಸ್ಥಾನದಲ್ಲಿ ಆಳುತ್ತಿತ್ತು.

ಅಲ್ಲಿನ ಜನಕ್ಕೆಲ್ಲ ಇದ್ದದ್ದು ಒಂದೇ ಕೆರೆ. ಕೆರೆಯ ತೂಬಿನ ಪಕ್ಕ ಒಂದು ಕಲ್ಲಿನ ಮಂಟಪ. ಮಂಟಪದಲ್ಲಿ ನೀರು ತುಂಬಿದ ಗುಡಾಣ, ಅದರಲ್ಲಿ ತೇಲುವ ಆ ಬಟ್ಟಲು. ಬಟ್ಟಲಿನ ತಳದಲ್ಲಿ ಸೂಜಿಮೊನೆಯಷ್ಟು ತೂತು. ಆ ತೂತಿನಿಂದ ನೀರು ಒಳಗೆ ಏರಿ ಏರಿ ಬಟ್ಟಲು ಮುಳುಗುವಷ್ಟು ಹೊತ್ತು ಒಬ್ಬರ ಗದ್ದೆಗೆ ನೀರು. ಮುಳುಗಿದ ಕೂಡಲೇ ನೀರುಗಂಟಿ ಈರದಿಮ್ಮ ನಗಾರಿ ಬಾರಿಸಿ ಮುಂದಿನವರ ಹೆಸರು ಕೂಗುತ್ತಿದ್ದ. ಕೆರೆ ನೀರು ಹಂಚುವುದು ಅವನ ವಂಶದ ಕೆಲಸ. ಅರಮನೆಯ ಸರದಿಗೂ ಅದೇ ಬಟ್ಟಲು, ಕಾಲುವೆಯ ಕಟ್ಟಕಡೆಯಲ್ಲಿದ್ದ ವಿಧವೆ ಸಣ್ಣೀರಮ್ಮನ ಸರದಿಗೂ ಅದೇ ಬಟ್ಟಲು.

ಕೆರೆ ಕಟ್ಟಿಸಿದ ಹಿರಿಯ ದೊರೆ ತೂಬಿನ ಕಲ್ಲಿನ ಮೇಲೆ ಎರಡೇ ಸಾಲು ಕೆತ್ತಿಸಿದ್ದ. "ಬಟ್ಟಲು ಮುಟ್ಟಿ ತಡೆದವರಿಗೆ ಒಂದು ಬೆಳೆ ಮುಗಿಯುವ ತನಕ ನೀರಿಲ್ಲ. ಕಟ್ಟಿಸಿದ ನನಗೂ ಇಲ್ಲ." ಈರದಿಮ್ಮನಿಗೆ ಓದು ಬಾರದು. ಅಪ್ಪ ಬಾಯಲ್ಲೇ ಹೇಳಿಕೊಟ್ಟಿದ್ದ. ಆದರೂ ಆ ಕಲ್ಲಿನ ಮುಂದೆ ಬಂದಾಗಲೆಲ್ಲ ಅವನ ಮೈ ಜುಮ್ಮೆನ್ನುತ್ತಿತ್ತು. ಇಷ್ಟು ದೊಡ್ಡ ಕೆರೆ ಕಟ್ಟಿಸಿದವನು ತನ್ನ ಕೈಯನ್ನು ತಾನೇ ಕಟ್ಟಿಕೊಂಡನಲ್ಲ, ಎಂಥ ಮನುಷ್ಯನಿರಬೇಕು ಎಂದು ಬೆರಗಾಗುತ್ತಿದ್ದ.

ಈಗ ಆಳುತ್ತಿದ್ದವನು ಆ ಹಿರಿಯ ದೊರೆಯ ಮರಿಮಗ ಬೊಮ್ಮರಸ. ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಕೆಲಸಗಳನ್ನು ಕೆಟ್ಟವರು ಮಾತ್ರ ಮಾಡುತ್ತಾರೆ ಅಂದುಕೊಂಡೇ ನಾವೆಲ್ಲ ಮೈಮರೆಯುವುದು. ಅವನ ತಾಯಿ ತೀರಿಹೋಗಿದ್ದಳು. ಅವಳು ಕೈಯಾರೆ ನೆಟ್ಟ ದಾಳಿಂಬೆ ತೋಟ ಒಂದು ಬೇಸಿಗೆಯಲ್ಲಿ ಬಾಡತೊಡಗಿತು. ದೊರೆಯ ಕರುಳು ಚುರ್ರೆಂದಿತು. ನೇರ ಮಂಟಪಕ್ಕೆ ಬಂದ.

"ಈರದಿಮ್ಮ, ಇವತ್ತೊಂದು ದಿನ ಅರಮನೆ ಸರದಿ ಬಂದಾಗ ಬಟ್ಟಲಿನ ತೂತಿಗೆ ಬೆರಳು ಅಡ್ಡ ಹಿಡಿ. ತೋಟ ನೆನೆಯೋವರೆಗೆ ಸಾಕು."

ಈರದಿಮ್ಮ ಎರಡೂ ಕೈ ಹಿಂದಕ್ಕೆಳೆದುಕೊಂಡ. "ಬುದ್ಧಿ, ನನ್ನ ತಲೆ ಬೇಕಾದ್ರೆ ತಗಳ್ಳಿ. ಬೆರಳು ಮಾತ್ರ ಕೇಳ್ಬ್ಯಾಡಿ."

"ಕೆರೆ ನಮ್ಮ ಮುತ್ತಜ್ಜನದು, ಕಲ್ಲೂ ನಮ್ಮ ಮುತ್ತಜ್ಜನದು. ನಡುವೆ ನಿಂದೇನು?" ಎಂದವನೇ ದೊರೆ ತನ್ನ ಉಂಗುರದ ಬೆರಳನ್ನೇ ಗುಡಾಣಕ್ಕೆ ಇಳಿಸಿ ತೂತು ಮುಚ್ಚಿ ಹಿಡಿದ. ಬಟ್ಟಲು ಮುಳುಗದೆ ತೇಲುತ್ತಲೇ ಇತ್ತು. ಆ ದಿನ ಸಣ್ಣೀರಮ್ಮನ ಸರದಿ ಬರುವ ಮೊದಲೇ ಹೊತ್ತು ಮುಳುಗಿ ತೂಬು ಮುಚ್ಚಿತು. ಈರದಿಮ್ಮನ ಕೆಲಸವೂ ಹೋಯಿತು.

ಆಕಾಶವೇನೂ ಕಳಚಿ ಬೀಳಲಿಲ್ಲ. ದಾಳಿಂಬೆ ಚಿಗುರಿತು. ದೊರೆ ನೆಮ್ಮದಿಯಿಂದ ಉಂಡು ಮಲಗಿದ.

ಆದರೆ ದೊರೆಯ ಬೆರಳನ್ನು ಜೊತೆಗೆ ಬಂದಿದ್ದ ದಳವಾಯಿ ನೋಡಿದ್ದ. ವಾರದೊಳಗೆ ಅವನ ಬೆರಳೂ ನೀರಿಗಿಳಿಯಿತು, ಕಬ್ಬು ಒಣಗುತ್ತಿದೆ ಅಂದ. ದಿನಾ ಬೆರಳು ನೆನೆಸಿಕೊಳ್ಳುವ ಕಷ್ಟವೇಕೆಂದು ಶಾನುಭೋಗ ತೂತಿಗೆ ಮೇಣವನ್ನೇ ಮೆತ್ತಿದ. ಒಬ್ಬೊಬ್ಬರ ಬಳಿಯೂ ಒಂದೊಂದು ಒಳ್ಳೆಯ ಕಾರಣವಿತ್ತು. ಬರ ಬಂದದ್ದು ನೀರಿಗೆ, ಕಾರಣಕ್ಕಲ್ಲವಲ್ಲ. ಕೊನೆಗೆ ಬಟ್ಟಲಿನ ಗೊಡವೆಯೇ ಬೇಡವಾಗಿ, ದೊಣ್ಣೆ ಇದ್ದವನು ತೂಬು ಎತ್ತತೊಡಗಿದ. ಸಣ್ಣೀರಮ್ಮನ ಪೈರು ನಿಂತಲ್ಲೇ ಸುಟ್ಟುಹೋಯಿತು. ಬಟ್ಟಲು ಕೆಸರಿನಲ್ಲಿ ಬೋರಲು ಬಿದ್ದಿತ್ತು. ಈರದಿಮ್ಮ ಅದನ್ನು ಎತ್ತಿಕೊಂಡು ಹೋಗಿ, ಮೇಣ ಕೆರೆದು, ತೊಳೆದು, ದೇವರ ಗೂಡಿನಲ್ಲಿಟ್ಟ.

ಮರುವರ್ಷದ ಬೇಸಿಗೆಯಲ್ಲಿ ದಾಳಿಂಬೆ ತೋಟಕ್ಕೆ ಹನಿ ನೀರೂ ಬರಲಿಲ್ಲ. ದಳವಾಯಿಯ ಭಟರು ಈಟಿ ಹಿಡಿದು ತೂಬು ಕಾಯುತ್ತಿದ್ದರು. ದೊರೆಯೇ ಬಂದು, "ಇದು ಅರಮನೆ ಸರದಿ" ಎಂದ.

ದಳವಾಯಿ ಕೈಮುಗಿದುಕೊಂಡೇ ಹೇಳಿದ. "ಸರದಿ ಎಲ್ಲಿದೆ ಪ್ರಭು? ಬೆರಳಿಟ್ಟು ನಿಲ್ಲಿಸಿದವರು ತಾವೇ ಅಲ್ಲವೇ? ನಾವು ತಮ್ಮನ್ನು ನೋಡಿಯೇ ಕಲಿತದ್ದು."

ದೊರೆ ಸುತ್ತ ನೋಡಿದ. ಕೆರೆ ಏರಿಯ ಮೇಲೆ ಊರೇ ನಿಂತಿತ್ತು. ಅವನ ಪರವಾಗಿ ಒಬ್ಬರೂ ಬಾಯಿ ಬಿಡಲಿಲ್ಲ. ಯಾವ ಕಟ್ಟಳೆಯ ಹೆಸರು ಹೇಳಿ ಬಾಯಿ ಬಿಟ್ಟಾರು? ಆ ಕಟ್ಟಳೆ ಇಷ್ಟು ದಿನ ತನ್ನನ್ನೂ ಕಾಯುತ್ತಿತ್ತೆಂದು ಆಗ ಅವನಿಗೆ ಹೊಳೆಯಿತು. ಕುದುರೆಯನ್ನು ಅಲ್ಲೇ ಬಿಟ್ಟು ಈರದಿಮ್ಮನ ಗುಡಿಸಲಿಗೆ ನಡೆದೇ ಹೋದ.

"ಬಟ್ಟಲು ಕೊಡಪ್ಪ."

"ಕೊಡ್ತೀನಿ ಬುದ್ಧಿ. ಆದ್ರೆ ಬಟ್ಟಲೊಂದೇ ಬರಾಕಿಲ್ಲ. ಕಲ್ಲಿನ ಮೇಲಿರೋ ಮಾತೂ ಜೊತೆಗೇ ಬರ್ತದೆ." ಹೇಳಿದವನೇ ದೇವರ ಗೂಡಿನಿಂದ ಬಟ್ಟಲನ್ನು ಇಳಿಸಿಕೊಂಡ.

ದೊರೆ ತೋಟದ ಕಡೆ ತಿರುಗಿ ನೋಡಿದ. "ಒಂದು ಬೆಳೆ ಮುಗಿಯೋ ತನಕ ಅಂದರೆ ಅಮ್ಮನ ಗಿಡಗಳು ಉಳಿಯೋದಿಲ್ಲ."

"ಉಳಿಯಾಕಿಲ್ಲ ಬುದ್ಧಿ."

"ನಡಿ ಹೋಗೋಣ."

ಗುಡಾಣದಲ್ಲಿ ಮತ್ತೆ ಬಟ್ಟಲು ತೇಲಿತು. ದೊರೆ ಕಲ್ಲಿನ ಎರಡು ಸಾಲನ್ನೂ ಊರಿಗೆಲ್ಲ ಕೇಳುವಂತೆ ಓದಿದ. "ಮೊದಲು ಬೆರಳಿಟ್ಟವನು ನಾನು. ಈ ಬೆಳೆಗೆ ನನಗೆ ನೀರಿಲ್ಲ" ಎಂದು ಹೇಳಿ ಪಕ್ಕಕ್ಕೆ ಸರಿದು ನಿಂತ. ಶಾನುಭೋಗ ತಲೆ ತಗ್ಗಿಸಿ, "ನಾನೂ ಮುಟ್ಟಿದ್ದೇನೆ" ಅಂದ. ತೂಬು ಕಾಯುತ್ತಿದ್ದ ಭಟರೂ ರೈತರ ಮಕ್ಕಳೇ. ಅವರ ಈಟಿಗಳು ಒಂದೊಂದಾಗಿ ನೆಲ ನೋಡಿದವು. ಹಿಂದೆ ಮುಂದೆ ಯಾರೂ ಇಲ್ಲದೆ ನಿಂತ ದಳವಾಯಿಯ ಬಾಯಿಂದಲೂ "ನಾನೂ" ಎಂಬ ಮಾತು ಸಣ್ಣಗೆ ಹೊರಟಿತು.

ಈರದಿಮ್ಮ ನಗಾರಿ ಬಾರಿಸಿದ. ವಾಡಿಕೆಯಂತೆ "ಅರಮನೆ!" ಎಂದು ಕೂಗಿದ.

"ನನಗಿಲ್ಲ. ಮುಂದಿನವರನ್ನ ಕೂಗು" ಅಂದ ದೊರೆ.

ಎಂಥ ಮನುಷ್ಯನಿರಬೇಕು ಎಂದು ಈರದಿಮ್ಮ ಇಷ್ಟು ವರ್ಷ ಕಲ್ಲನ್ನು ನೋಡಿ ಬೆರಗಾಗುತ್ತಿದ್ದನಲ್ಲ, ಅಂಥವನೊಬ್ಬ ಈಗ ಕಣ್ಣೆದುರೇ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಚಿಪ್ಪಿನಷ್ಟು ಬಟ್ಟಲಿನ ಮುಂದೆ ಒಂದು ಸಂಸ್ಥಾನದ ದೊರೆ. ಈರದಿಮ್ಮನ ಕಣ್ಣು ತುಂಬಿ ಬಟ್ಟಲೇ ಮಂಜಾಯಿತು. ಆ ದಿನ ಹೊತ್ತಿರುವಾಗಲೇ ಸಣ್ಣೀರಮ್ಮನ ಹೆಸರು ಕೂಗಿದ, ಅವಳ ಗದ್ದೆಗೆ ನೀರು ಹರಿಯಿತು.

ದಾಳಿಂಬೆ ತೋಟ ಉಳಿಯಲಿಲ್ಲ. ಒಣಗಿದ ಗಿಡದಿಂದ ದೊರೆ ತಾನೇ ಒಂದು ಕೋಲು ಕಡಿದು ತಂದು ಈರದಿಮ್ಮನ ಕೈಗಿಟ್ಟ. ಗುಡ್ಡದಕೋಟೆಯ ನಗಾರಿಯನ್ನು ಆಮೇಲೆ ಬಾರಿಸಿದ್ದೆಲ್ಲ ಆ ಕೋಲಿನಿಂದಲೇ.

ನೀತಿ: ಒಳ್ಳೆಯ ಉದ್ದೇಶಕ್ಕೆ ಮುರಿದರೂ ಕಾನೂನು ಮುರಿದದ್ದೇ. ಆಳುವವನು ಒಮ್ಮೆ ಮುರಿದರೆ ಬಲವಿದ್ದವರೆಲ್ಲ ಮುರಿಯುತ್ತಾರೆ, ಕೊನೆಗೆ ಅದು ಆಳುವವನನ್ನೂ ಕಾಯುವುದಿಲ್ಲ. ಆಳುವವನೇ ಕಾನೂನಿಗೆ ತಲೆಬಾಗಿದಾಗ ಕಟ್ಟಕಡೆಯ ಗದ್ದೆಗೂ ನೀರು ತಲುಪುತ್ತದೆ.